ಮಂಡಿ, ಅರ್ಥ, ಮತ್ತು ಥೇಲ್ಸ್

23 ನವೆಂಬರ್ 2025, ಭಾನುವಾರ
ರಾತ್ರಿ ಹತ್ತೂವರೆ

ಎರಡೂ ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೇನೆ. ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಶಾಲೆಯ ಹಾಲ್‌ನಲ್ಲಿ ಯಕ್ಷಗಾನದ ಅಭ್ಯಾಸ. ಪ್ರಸಂಗ ಅಭಿಮನ್ಯು ಕಾಳಗ, ಅಭಿಮನ್ಯು ನಾನೇ. ಡಿಸೆಂಬರಿನಲ್ಲಿ ಆಟ, ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ.

ಒಳಗೆ ನುಗ್ಗುವುದು ಗೊತ್ತು, ಹೊರಗೆ ಬರುವುದು ಗೊತ್ತಿಲ್ಲ ಎಂದು ನನ್ನ ಗಣಿತದ ಉತ್ತರಪತ್ರಿಕೆ ನೋಡಿ ಮೇಷ್ಟ್ರು ಹೇಳಿದರು. ಈ ಜೋಕನ್ನು ಸ್ಟಾಫ್‌ರೂಮಿನಲ್ಲಿ ಈಗಾಗಲೇ ಮೂರು ಜನ ಹೇಳಿಯಾಗಿದೆ. ಅರ್ಧವಾರ್ಷಿಕದಲ್ಲಿ ನನಗೆ ಬಂದದ್ದು 80ಕ್ಕೆ 41. ಈ ವರ್ಷದಿಂದ ಪಾಸಾಗಲು 625ಕ್ಕೆ 206 ಬಂದರೂ ಆಯಿತಂತೆ ಎಂದು ಅಮ್ಮನಿಗೆ ಹೇಳಿದೆ. ಹೇಳಬಾರದಿತ್ತು. "ಹತ್ತನೇ ಕ್ಲಾಸ್ ಅಂಬ್ದ್ ನೆನ್ಪಿತ್ತಾ ನಿಂಗೆ?" ಅಂತ ಶುರುವಾದದ್ದು ಊಟ ಮುಗಿಯುವವರೆಗೂ ನಿಲ್ಲಲಿಲ್ಲ.

ಖೋ ಖೋ ಬಿಟ್ಟದ್ದು ಜುಲೈಯಲ್ಲಿ. ಸಂಜೆ ಸ್ಪೆಷಲ್ ಕ್ಲಾಸಿನ ಕಿಟಕಿಯಿಂದ ಮೈದಾನ ಕಾಣುತ್ತದೆ, ಅದೊಂದು ಕಷ್ಟ. ಅದರ ಬಗ್ಗೆ ಬೇರೆ ದಿನ ಬರೆಯುತ್ತೇನೆ.

ಇವತ್ತು ನಡೆದದ್ದು ಇದು. ದ್ರೋಣ ಎದುರಾಗುವ ಕಡೆ ನಾನು ಹೇಳಬೇಕಾದ ಅರ್ಥ, ಅಂದರೆ ಪದ್ಯದ ನಂತರ ಪಾತ್ರ ಆಡುವ ಮಾತು, ಪೂರ್ತಿ ಮರೆತುಹೋಯಿತು. ಎರಡು ಪುಟ ಬರೆದುಕೊಂಡು ಬಾಯಿಪಾಠ ಮಾಡಿದ್ದೆ, ಒಂದಕ್ಷರ ಬರಲಿಲ್ಲ. ಗುರುಗಳು ಪದ್ಯ ಮುಗಿಸಿ, ತಾಳ ಕೈಯಲ್ಲಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಾರೆ. ನಾನು ಬಾಯಿಗೆ ಬಂದದ್ದನ್ನು ಹೇಳಿದೆ: "ಆಚಾರ್ಯರೇ, ನನ್ನ ತಂದೆಗೆ ಬಿಲ್ಲು ಹಿಡಿಯಲು ಕಲಿಸಿದ್ದು ಈ ಕೈಯಲ್ಲವೇ? ಅವರು ಕಲಿತದ್ದು ನನಗೂ ಬಂದಿದೆಯೋ ಇಲ್ಲವೋ, ನೋಡಿಬಿಡಿ."

"ಇದು ನಾನು ಬರೆಸಿದ್ದಲ್ಲ ಅಲ್ದಾ?" ಎಂದರು ಗುರುಗಳು.

"ಅಲ್ಲ ಗುರುಗಳೇ, ಮರೆತುಹೋಯಿತು."

"ಇನ್ನು ಇದೇ ಇರಲಿ."

ಬಸ್ಸಿನಲ್ಲಿ ಬರುವಾಗ ಅದೇ ಯೋಚನೆ. ಮಾತು ಮರೆತರೂ ನಾನು ನಿಂತ ಜಾಗ ಗೊತ್ತಿತ್ತು: ಎದುರಿಗೆ ಯಾರು, ಅವರಿಗೂ ಅಪ್ಪನಿಗೂ ಏನು ಸಂಬಂಧ, ಮುಂದೆ ಏನಾಗಬೇಕು. ಗಣಿತದ ಥೇಲ್ಸ್‌ನ ಪ್ರಮೇಯವನ್ನೂ (ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ಗೆರೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತದೆ ಎನ್ನುವುದು) ಹೀಗೆಯೇ ಬಾಯಿಪಾಠ ಮಾಡಿದ್ದೆ. ಪರೀಕ್ಷೆಯಲ್ಲಿ ಮೂರನೇ ಸಾಲು ತಪ್ಪಿತು, ಅಲ್ಲಿಗೆ ಎಲ್ಲವೂ ಹೋಯಿತು. ಆಗ ಎಲ್ಲಿ ನಿಂತಿದ್ದೇನೆಂದೇ ಗೊತ್ತಿರಲಿಲ್ಲ.

ಹಾಗಾಗಿ ಊಟವಾದ ಮೇಲೆ ಪುಸ್ತಕ ಮುಚ್ಚಿ, ತಮ್ಮನನ್ನು ಎದುರಿಗೆ ಕೂರಿಸಿಕೊಂಡು ಪ್ರಮೇಯವನ್ನೇ ಅರ್ಥದ ಹಾಗೆ ಹೇಳಿದೆ. ಎಬಿಸಿ ತ್ರಿಭುಜದಲ್ಲಿ ಬಿಸಿಗೆ ಸಮಾಂತರವಾಗಿ ಡಿಇ. ಬಿಇ ಸೇರಿಸು, ಸಿಡಿ ಸೇರಿಸು. ಇ ಬಿಂದುವಿನಿಂದ ಎಬಿಗೆ ಒಂದು ಲಂಬ ಎಳೆ. ಈಗ ಬಿಡಿಇ, ಸಿಡಿಇ ಎರಡು ತ್ರಿಭುಜಗಳು ಒಂದೇ ಪಾದದ ಮೇಲೆ, ಒಂದೇ ಜೊತೆ ಸಮಾಂತರ ರೇಖೆಗಳ ನಡುವೆ ಇವೆ, ಅದಕ್ಕೇ ವಿಸ್ತೀರ್ಣ ಸಮ. ಇಷ್ಟಾಗುವಾಗ ನನಗೇ ಖುಷಿ. ತಮ್ಮ ಆರನೇ ಕ್ಲಾಸು, ಅವನಿಗೆ ನನ್ನ ಕೈಕರಣ ನೋಡಿಯೇ ನಗು.

"ಮತ್ತೆ ಆ ಲಂಬ ಯಾಕೆ ಎಳೆದದ್ದು?" ಎಂದ.

ಉತ್ತರ ಬರಲಿಲ್ಲ. ಎತ್ತರಕ್ಕೆ ಎಂದೆ. ಯಾವುದರ ಎತ್ತರ ಎಂದ. ಅವನು ಮಲಗಿ ಅರ್ಧ ಗಂಟೆಯಾಯಿತು, ನಾನಿನ್ನೂ ಚಿತ್ರ ಬರೆದು ಅಳಿಸುತ್ತಿದ್ದೇನೆ. ಪುಸ್ತಕ ಮಂಚದ ಆ ಬದಿಯಲ್ಲೇ ಇದೆ, ಇನ್ನೂ ತೆರೆದಿಲ್ಲ.