ಚಾಲುಕ್ಯರ ಮಾಡ್, ಹತ್ತನೇ ವಾರ: ಪ್ರತಿ ಬೋನಸ್‌ಗೂ ಒಂದು ಇಸವಿ

ಏಜ್ ಆಫ್ ಎಂಪೈರ್ಸ್ 2 ಎಂಬ ಕಂಪ್ಯೂಟರ್ ಯುದ್ಧದಾಟಕ್ಕೆ ನಾನು ಕಟ್ಟುತ್ತಿರುವ ಚಾಲುಕ್ಯರ ಮಾಡ್‌ನಲ್ಲಿ, ಅಂದರೆ ಆಟಗಾರರೇ ಮಾಡಿ ಸೇರಿಸುವ ಬದಲಾವಣೆಯಲ್ಲಿ, ಹೋದ ತಿಂಗಳು ಐದು ಗುಣಗಳಿದ್ದವು (ಗುಣ ಅಂದರೆ ಒಂದು ಜನಾಂಗಕ್ಕೆ ಆಟ ಕೊಡುವ ವಿಶೇಷ, ಬೋನಸ್). ಈಗ ಅವುಗಳಲ್ಲಿ ಮೂರನ್ನು ತೆಗೆದಿದ್ದೇನೆ, ಎರಡನ್ನು ಹೊಸದಾಗಿ ಸೇರಿಸಿದ್ದೇನೆ. ಕಾರಣ ಗದಗಿನ ನಮ್ಮ ಮಾಮಾ.

ಮೊದಲು ಈ ಕೆಲಸಕ್ಕೆ ಕೈ ಹಾಕಿದ್ದು ಯಾಕೆ ಅಂತ ಹೇಳಿಬಿಡುತ್ತೇನೆ. 2022ರಲ್ಲಿ ಬಂದ ಡೈನಾಸ್ಟೀಸ್ ಆಫ್ ಇಂಡಿಯಾ ಎಂಬ ಆಟದ ವಿಸ್ತರಣೆಯಲ್ಲಿ ಹಳೆಯ 'ಇಂಡಿಯನ್ಸ್' ಹಿಂದೂಸ್ತಾನಿಗಳಾದರು. ಬಂಗಾಳಿ, ಗುರ್ಜರ, ದ್ರಾವಿಡರು ಹೊಸದಾಗಿ ಬಂದರು. ದಕ್ಷಿಣದವರೆಲ್ಲ ದ್ರಾವಿಡರ ಒಳಗೇ ಸೇರಬೇಕು. ಆ ಸೈನಿಕರು ತಮಿಳು ಮಾತಾಡುತ್ತಾರೆ, ಉರುಮಿ ಎಂಬ ಬಳುಕುವ ಕತ್ತಿ ಬೀಸುತ್ತಾರೆ. ಹೊಸ ಯುಗಕ್ಕೆ ಏರಿದಾಗಲೆಲ್ಲ 200 ಕಟ್ಟಿಗೆ ಸಿಗುತ್ತದೆ, ಹಡಗು ಕಟ್ಟಲು ಅನುಕೂಲ. ಚೋಳರಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಬಾದಾಮಿಗೂ ಕಲ್ಯಾಣಕ್ಕೂ ಬೇರೆಯೇ ಬೇಕು ಅನಿಸಿತು.

ಹಬ್ಬಕ್ಕೆ ಗದಗಿಗೆ ಹೋದಾಗ ಮಾಮಾಗೆ ಲ್ಯಾಪ್‌ಟಾಪ್ ತೆರೆದು ತೋರಿಸಿದೆ. ಅವರು ಇತಿಹಾಸ ಕಲಿಸಿ ನಿವೃತ್ತರಾದ ಮಾಸ್ತರು. ಪಟ್ಟಿ ಪೂರ್ತಿ ಓದಿದರು. ಆಮೇಲೆ ಕೇಳಿದ್ದು ಒಂದೇ ಮಾತು: "ಇದು ಯಾವ ಇಸ್ವೀದೋ ತಮ್ಮಾ?"

"ಎಲ್ಲಾ ಚಾಲುಕ್ಯರದರೀ ಮಾಮಾ."

"ಯಾವ ಚಾಲುಕ್ಯರು? ಬಾದಾಮಿ ಪುಲಿಕೇಶಿಗೂ ಕಲ್ಯಾಣದ ವಿಕ್ರಮಾದಿತ್ಯಗೂ ನಡುವ ನಾಕ್ನೂರು ವರ್ಷದ ಮ್ಯಾಲೆ ಐತಿ. ರಾಷ್ಟ್ರಕೂಟರು ಬಂದು ಹೋಗ್ಯಾರ."

ನಿಜ ಅಲ್ವಾ. ಆಟದ ಗುಣ ಒಂದು ಜನಾಂಗದ ರಕ್ತದಲ್ಲೇ ಇದ್ದದ್ದು ಎಂಬಂತೆ ಕಾಣುತ್ತದೆ. ಆದರೆ ಅದು ಒಂದು ಕಾಲದಲ್ಲಿ ಕೆಲವರು ಮಾಡಿದ ಕೆಲಸ, ಅಷ್ಟೇ. ಅವತ್ತೇ ಒಂದು ನಿಯಮ ಮಾಡಿಕೊಂಡೆ. ಪ್ರತಿ ಗುಣಕ್ಕೂ ಒಂದು ಕಾಲ, ಒಂದು ಆಧಾರ ಇರಬೇಕು. ಆಟದಲ್ಲಿ ಒಂದೊಂದಾಗಿ ಏರುವ ಯುಗಗಳು ಹೇಗೂ ಇವೆ, ಕೊನೆಯ ಎರಡು ಕ್ಯಾಸಲ್ ಮತ್ತು ಇಂಪೀರಿಯಲ್. ಕ್ಯಾಸಲ್ ಯುಗದಲ್ಲಿ ಬಾದಾಮಿಯ ಗುಣಗಳು, ಇಂಪೀರಿಯಲ್ ಯುಗದಲ್ಲಿ ಕಲ್ಯಾಣದ ಗುಣಗಳು ತೆರೆದುಕೊಳ್ಳುತ್ತವೆ.

ದೇವಸ್ಥಾನ ಬೇಗ ಏಳುತ್ತದೆ ಎಂಬುದು ಮೊದಲು ಹೋಯಿತು, ಅದಕ್ಕೆ ಆಧಾರವೇ ಇರಲಿಲ್ಲ. ಉಕ್ಕನ್ನು ತೆಗೆಯುವಾಗ ಮಾತ್ರ ಬೇಜಾರಾಯಿತು. ಆಟದಲ್ಲಿ ದ್ರಾವಿಡರಿಗಿರುವ 'ವೂಟ್ಸ್ ಸ್ಟೀಲ್' ಎಂಬ ತಂತ್ರ ನೋಡಿ. ಆ ವೂಟ್ಸ್ ಪದ ನಮ್ಮ 'ಉಕ್ಕು' ಎಂಬುದರಿಂದಲೇ ಬಂತು ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಆ ಹೆಸರಿನ ಆಸೆಗೇ ಇಟ್ಟುಕೊಂಡಿದ್ದೆ. ಆದರೆ ಅದನ್ನು ಚಾಲುಕ್ಯರ ಸೈನ್ಯಕ್ಕೆ ಜೋಡಿಸುವ ಒಂದು ಕಲ್ಲೂ ನನ್ನ ಕೈಯಲ್ಲಿರಲಿಲ್ಲ.

ಮೂರನೆಯದು ನನ್ನ ದೊಡ್ಡ ತಪ್ಪು. ಒಳನಾಡಿನವರು ಅಂತ ಯುದ್ಧದ ಹಡಗುಗಳನ್ನೇ ಬಂದ್ ಮಾಡಿದ್ದೆ. ಐಹೊಳೆಯ ಮೇಗುಟಿ ಗುಡಿಯಲ್ಲಿರುವ 634ರ ಶಾಸನದಲ್ಲಿ ಕವಿ ರವಿಕೀರ್ತಿ ಬೇರೆಯೇ ಹೇಳುತ್ತಾನೆ. ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿ ಎಂಬ ಪಟ್ಟಣವನ್ನು ಇಮ್ಮಡಿ ಪುಲಿಕೇಶಿ ಮುತ್ತಿದ್ದು ಮದವೇರಿದ ಆನೆಗಳಂತೆ ಕಾಣುವ ನೂರಾರು ಹಡಗುಗಳಿಂದ. ಹಡಗುಗಳು ವಾಪಸ್ ಬಂದಿವೆ, ಕ್ಯಾಸಲ್ ಯುಗದಲ್ಲಿ ಸ್ವಲ್ಪ ಅಗ್ಗವಾಗಿ.

ಆನೆ ಉಳಿಯಿತು, ಆದರೆ ಸ್ವಭಾವ ಬದಲಾಯಿತು. ಮೊದಲು ಅದಕ್ಕೆ ಸುಮ್ನೆ ರಕ್ಷಣೆ ಜಾಸ್ತಿ ಕೊಟ್ಟಿದ್ದೆ. ಪುಲಿಕೇಶಿಯ ರಾಜ್ಯ ನೋಡಿದ ಹ್ಯೂಯೆನ್ ತ್ಸಾಂಗ್ ಬರೆದದ್ದೇನು? ಇಲ್ಲಿ ಕಾಳಗಕ್ಕೆ ಮೊದಲು ವೀರರೂ ಕುಡಿಯುತ್ತಾರೆ, ನೂರಾರು ಆನೆಗಳಿಗೂ ಕುಡಿಸುತ್ತಾರೆ, ಆಮೇಲೆ ಒಟ್ಟಿಗೇ ನುಗ್ಗಿ ಎದುರಿದ್ದದ್ದನ್ನೆಲ್ಲ ತುಳಿಯುತ್ತಾರೆ. ಹಾಗಾಗಿ ಆಟದ ಅಂಕಿಗಳನ್ನು ಬದಲಿಸುವ ಜೀನಿ ಎಡಿಟರ್‌ನ ಎಫೆಕ್ಟ್ಸ್ ವಿಭಾಗದಲ್ಲಿ ಆನೆಯ ವೇಗವನ್ನು 1.1ರಿಂದ ಗುಣಿಸಿದೆ, ರಕ್ಷಣೆಯಲ್ಲಿ 1 ಕಳೆದೆ. ಈಗ ಆನೆ ಬೇಗ ಹೋಗುತ್ತದೆ, ಬೇಗ ಸಾಯುತ್ತದೆ. ಆಡಲು ತುಂಬಾ ಚೆನ್ನಾಗಿದೆ.

ಇನ್ನು ನನಗೆ ಎಲ್ಲಕ್ಕಿಂತ ಪ್ರೀತಿಯದ್ದು, ವೀರಗಲ್ಲು. ಹಾವೇರಿ, ಗದಗ, ಧಾರವಾಡ ಕಡೆ ಓಡಾಡಿದವರು ಇವುಗಳನ್ನು ಎಷ್ಟು ನೋಡಿಲ್ಲ! ಊರ ಮುಂದೆ, ಗುಡಿಯ ಹಿಂದೆ, ಹೊಲದ ಬದುವಿನಲ್ಲಿ. ಸಾಮಾನ್ಯವಾಗಿ ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ವೀರ. ಇವುಗಳಲ್ಲಿ ಎಷ್ಟೋ ಜನ ಸತ್ತದ್ದು ರಾಜರ ದೊಡ್ಡ ಯುದ್ಧದಲ್ಲಿ ಅಲ್ಲ. ತುರುಗೋಳ್ ಅಂದರೆ ದನ ಹೊಡೆದುಕೊಂಡು ಹೋದಾಗ. ಊರಳಿವು ಅಂದರೆ ಊರಿನ ಮೇಲೆ ಬಿದ್ದಾಗ. ಪೆಣ್ಬುಯ್ಯಲ್ ಅಂದರೆ ಹೆಂಗಸರು ಕೂಗಿಕೊಂಡಾಗ. ಸತ್ತವರ ಮನೆಯವರಿಗೆ ಭೂಮಿ ಕೊಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ, ಬಾಳ್ಗಚ್ಚು ಎಂಬ ಹೆಸರುಗಳೇ ಇವೆ. ಇಷ್ಟು ಬದುಕು ಕಲ್ಲಿನಲ್ಲಿರುವಾಗ ಕಾಲಾಳುಗಳಿಗೆ ಬರೀ 'ದಾಳಿ ಕೂಡಿಸು 1' ಅಂತ ಕೊಡಲು ಮನಸ್ಸು ಬರಲಿಲ್ಲ.

ದಾರಿ ತೋರಿಸಿದ್ದು ಆಟದಲ್ಲಿರುವ ಬಲ್ಗೇರಿಯನ್ನರ ಕೊನ್ನಿಕ್ ಎಂಬ ಕುದುರೆ ಸವಾರ. ಆ ಸವಾರ ಸತ್ತರೆ ಅದೇ ಜಾಗದಲ್ಲಿ ಕುದುರೆ ಇಲ್ಲದ ಕೊನ್ನಿಕ್ ಏಳುತ್ತಾನೆ. ಹಾಗೆಯೇ ನನ್ನ ಊರಾಳು ಎಂಬ ಸೈನಿಕ ಸತ್ತ ಜಾಗದಲ್ಲಿ ಒಂದು ವೀರಗಲ್ಲು ನಿಲ್ಲುವಂತೆ ಮಾಡಿದೆ. ಆ ಕಲ್ಲಿಗೆ ಸುತ್ತ ನಾಲ್ಕು ಟೈಲ್, ಅಂದರೆ ನಕ್ಷೆಯ ನಾಲ್ಕು ಚೌಕಗಳಷ್ಟು ದೂರ, ಕಾಣುತ್ತದೆ. ಸತ್ತ ಮೇಲೂ ಊರು ಕಾಯುತ್ತಾನೆ.

ಮೊದಲ ಪರೀಕ್ಷೆಯಲ್ಲಿ ಬಾಗಿಲ ಬಳಿಯೇ 40 ಜನ ಸತ್ತರು. 40 ಕಲ್ಲುಗಳು ದಾರಿ ಕಟ್ಟಿದವು, ನನ್ನ ಸೈನ್ಯವೇ ಹೊರಗೆ ಬರಲಾಗಲಿಲ್ಲ. ಕಲ್ಲಿನ ಅಡ್ಡಳತೆಯನ್ನು ಸೊನ್ನೆ ಮಾಡಿದ ಮೇಲೆ ಜನ ಅದರ ಮೇಲೇ ನಡೆದು ಹೋಗುತ್ತಿದ್ದಾರೆ. ನೋಡಲು ಸರಿ ಅನಿಸುತ್ತಿಲ್ಲ, ಬೇರೆ ದಾರಿ ಹುಡುಕಬೇಕು.

ಮಾರುಕಟ್ಟೆಯ ಗುಣ ಹಾಗೇ ಇದೆ. ಆಟದಲ್ಲಿ ಕೊಡು-ಕೊಳ್ಳುವಾಗ 30 ಪ್ರತಿಶತ ಕಡಿತ, ಗಿಲ್ಡ್ಸ್ ಎಂಬ ತಂತ್ರ ಸಂಶೋಧಿಸಿದರೆ 15. ಚಾಲುಕ್ಯರಿಗೆ ಗಿಲ್ಡ್ಸ್ ಇಂಪೀರಿಯಲ್ ಯುಗದಲ್ಲಿ ಪುಕ್ಕಟೆ. ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘದ ನಾಡಿದು. ಲಕ್ಕುಂಡಿಯ ಟಂಕಸಾಲೆಯಿಂದ ಲೊಕ್ಕಿ ಗದ್ಯಾಣ ಎಂಬ ಚಿನ್ನದ ನಾಣ್ಯ ಹೊರಬರುತ್ತಿತ್ತು. ಡಂಬಳದ 1095ರ ಶಾಸನದಲ್ಲಿ 16 ಜನ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವೇ ಇದೆ. ಇಲ್ಲಿ ಇಸವಿಗೆ ಪರದಾಡಬೇಕಾಗಲಿಲ್ಲ.

ಈಗ ದನಿಯ ಕೆಲಸ ನಡೆದಿದೆ. ದಾಳಿಗೆ ಹೊರಟಾಗ ಸೈನಿಕ ಹೇಳುವ ಮಾತನ್ನು ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಿಂದ ತೆಗೆದುಕೊಂಡೆ, ಸುಮಾರು 700ರದ್ದು: "ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್." ಮಾಮಾ ಅವರೇ ಹೇಳಿ ರೆಕಾರ್ಡ್ ಮಾಡಿಸಿದರು. ದನಿ ಅದ್ಭುತವಾಗಿ ಬಂದಿದೆ, ಹಿಂದೆ ಫ್ಯಾನಿನ ಸದ್ದೂ ಬಂದಿದೆ. ಬರುವ ಭಾನುವಾರ ಫ್ಯಾನ್ ಆರಿಸಿ ಮತ್ತೊಮ್ಮೆ ಕೂರುತ್ತೇವೆ.