ಏನೂ ತೊಂದರೆ ಇಲ್ಲದವರನ್ನು ಪರೀಕ್ಷೆಗೆ ಕರಕೊಂಡು ಹೋಗುವುದು ಹೇಗೆ?

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ ಕಡೆಯ ಕುಟುಂಬಶ್ರೀ (ಹೆಂಗಸರ ಸ್ವಸಹಾಯ ಸಂಘ) ಗೆಳತಿಯರು ನನ್ನನ್ನು ಕೇಳುವುದು ಇದೊಂದೇ: "ಗರ್ಭಕಂಠದ ಕ್ಯಾನ್ಸರ್ ಪರೀಕ್ಷೆಗೆ ಹೆಂಗಸರನ್ನು ಹೇಗೆ ಒಪ್ಪಿಸ್ತೀರಿ? ನಾವು ಎಷ್ಟು ಹೇಳಿದರೂ ಬರುವುದಿಲ್ಲ."

ಹೇಳಿದ್ದು ಹೆಚ್ಚಾಯಿತೆಂದೇ ನನಗೆ ಕಾಣುವುದು. ಎಚ್‌ಪಿವಿ ವೈರಸ್ಸಿನಿಂದ ಬರುವ ಈ ರೋಗ ಬಲಿಯಲು ಹತ್ತು-ಹದಿನೈದು ವರ್ಷ ಬೇಕು, ಅಷ್ಟರೊಳಗೆ ಕಂಡರೆ ಗುಣವಾಗುತ್ತದೆ, 30 ದಾಟಿದವರು ಐದು ವರ್ಷಕ್ಕೊಮ್ಮೆ ನೋಡಿಸಿಕೊಳ್ಳಬೇಕು ಎಂದೆಲ್ಲ ಆಶಾ ಕಾರ್ಯಕರ್ತೆಯರು ಹೇಳಿಯೇ ಇರುತ್ತಾರೆ. ಕೇಳಿದವರು ತಲೆಯಾಡಿಸಿ ಬೀಡಿ ಕಟ್ಟಲು ಕೂರುತ್ತಾರೆ. ಅವರ ಮನಸ್ಸಿನಲ್ಲಿರುವುದು ಬೇರೆ. ಸೀರೆ ಪೂರ್ತಿ ಬಿಚ್ಚಬೇಕಾ? ಗಂಡಸು ಡಾಕ್ಟರಾ? ಮಲಯಾಳದಲ್ಲಿ ಕೇಳಿದರೆ ಎಂತ ಹೇಳುವುದು?

ಹಾಗಾಗಿ ಕುಟುಂಬಶ್ರೀಯ ನೆರೆಕೂಟದಲ್ಲಿ ಸಾಲದ ಕಂತಿನ ಲೆಕ್ಕ ಮುಗಿದ ಮೇಲೆ ನಾನು ಮಾಡಿಸಿಕೊಂಡದ್ದನ್ನೇ ಹೇಳುತ್ತೇನೆ. ಸೀರೆ ಮೇಲೆತ್ತಿದರೆ ಸಾಕು, ಬಟ್ಟೆ ಹೊದೆಸುತ್ತಾರೆ. ಮೊದಲೇ ಮೂತ್ರಕ್ಕೆ ಹೋಗಿ ಬನ್ನಿ. ಮುಟ್ಟಿನ ದಿನ ಬೇಡ. ಒಳಗಿಡುವ ಉಪಕರಣ ತಣ್ಣಗಿರುತ್ತದೆ. ಬಿಗಿಹಿಡಿದರೆ ನೋವು, ಬಾಯಲ್ಲಿ ಉಸಿರು ಬಿಟ್ಟರೆ ಸಲೀಸು. ಪ್ಯಾಪ್ ಸ್ಮಿಯರ್ ಆದರೆ ಸಣ್ಣ ಬ್ರಶ್ಶಿನಿಂದ ಗರ್ಭಕಂಠದ ಜೀವಕೋಶಗಳನ್ನು ಒರೆಸಿ ತೆಗೆಯುತ್ತಾರೆ. ಕೆಲವು ಕಡೆ ತೆಳು ಅಸೆಟಿಕ್ ಆಮ್ಲ ಹಚ್ಚಿ, ಒಂದು ನಿಮಿಷ ಕಾದು, ಬಿಳಿ ಕಲೆ ಏಳುತ್ತದಾ ನೋಡುತ್ತಾರೆ. "ಅಂದರೆ ಉಪ್ಪಿನಕಾಯಿಗೆ ಹಾಕುವ ವಿನೆಗರಾ ಅಕ್ಕ?" ಹೌದು, ಅದೇ ಜಾತಿಯದು. ಎಲ್ಲರೂ ನಗುತ್ತಾರೆ. ಮರುದಿನ ಯಾರಾದರೊಬ್ಬರ ಫೋನು ಬಂದೇ ಬರುತ್ತದೆ: "ಹೋಗುವಾಗ ನನ್ನನ್ನೂ ಕರೀರಿ."

ಮಂಗಳೂರಿನ ದೊಡ್ಡ ಡಾಕ್ಟರೇ ಆಗಬೇಕು ಎನ್ನುವವರೂ ಇದ್ದಾರೆ. ಮುಂಬಯಿಯಲ್ಲಿ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರ ಅಧ್ಯಯನದಲ್ಲಿ ಈ ವಿನೆಗರ್ ಪರೀಕ್ಷೆ ಮಾಡಿದ್ದು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಈ ಕ್ಯಾನ್ಸರಿನ ಸಾವು ಶೇಕಡಾ 31ರಷ್ಟು ಕಡಿಮೆಯಾಯಿತು. ಊರಿನ ಕುಟುಂಬ ಆರೋಗ್ಯ ಕೇಂದ್ರದಲ್ಲೇ ಮೊದಲು ವಿಚಾರಿಸಿ.

ಆದರೆ ಗುಂಪಾಗಿ ಹೋಗುವುದರಲ್ಲಿ ಒಂದು ಪೀಕಲಾಟವೂ ಉಂಟು. ಒಬ್ಬಳನ್ನು ಮಾತ್ರ ಮತ್ತೆ ಬರಹೇಳಿದರೆ, ಸಂಜೆಯೊಳಗೆ ರೇಷನ್ ಅಂಗಡಿಯಲ್ಲಿ "ಅವಳಿಗೆ ಕ್ಯಾನ್ಸರಂತೆ" ಎಂದು ಸುದ್ದಿ. ಮತ್ತೆ ಕರೆದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಕಾಲ್ಪೋಸ್ಕೋಪಿಯಲ್ಲಿ, ಅಂದರೆ ದೊಡ್ಡದಾಗಿ ಕಾಣಿಸುವ ಉಪಕರಣದಲ್ಲಿ, ಇನ್ನಷ್ಟು ಹತ್ತಿರದಿಂದ ನೋಡಬೇಕು, ಅಷ್ಟೆ. ಅದಕ್ಕೇ ನಮ್ಮ ಕೂಟದಲ್ಲಿ ಕಟ್ಟುನಿಟ್ಟು: ಹೋಗುವುದು ಒಟ್ಟಿಗೆ, ರಿಪೋರ್ಟು ಅವರವರದ್ದು. ಕರೆ ಬಂದವಳು ತಾನೇ ಆರಿಸಿದ ಒಬ್ಬಳು ಮಾತ್ರ ಜೊತೆಗೆ. ಜೊತೆ ನಿಜವಾಗಿ ಬೇಕಾಗುವುದು ಆ ಎರಡನೆಯ ಸಲಕ್ಕೇ, ಏಕೆಂದರೆ ಹೆಚ್ಚಿನವರು ಹೆದರಿ ತಪ್ಪಿಸಿಕೊಳ್ಳುವುದು ಅಲ್ಲಿ. ಮೊದಲ ಸಲದ ಗುಂಪನ್ನು ಈಗ ಬೇರೆಯವರೇ ಕರಕೊಂಡು ಹೋಗುತ್ತಾರೆ. ನಾನು ಹೊರಡುವುದು ಎರಡನೆಯದಕ್ಕೆ, ಅದೂ ಕರೆದರೆ ಮಾತ್ರ.