ಬಿಸಿಯಾದ್ಮೇಲೆ ಏಳದ ಹಳೇ ಡೀಸೆಲ್ ಗಾಡಿ, ಮೊದಲು ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ ನೋಡಿ

ಬೆಳಿಗ್ಗೆ ಅರ್ಧ ಸೆಲ್ಫಿಗೇ ಸ್ಟಾರ್ಟ್ ಆಗೋ ಗಾಡಿ, ಮಧ್ಯಾಹ್ನ ದೂರ ಓಡಿಸಿ ಊಟಕ್ಕೆ ಅಂತ ನಿಲ್ಲಿಸಿ ವಾಪಸ್ ಬಂದ್ರೆ ಎಷ್ಟು ಸೆಲ್ಫ್ ಹೊಡೆದ್ರೂ ಏಳಲ್ಲ, ಒಂದೆರಡು ಗಂಟೆ ಸುಮ್ನೆ ಬಿಟ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಸ್ಟಾರ್ಟ್. ರಾಯಚೂರು ಬಳ್ಳಾರಿ ಕಡೆ ಏಪ್ರಿಲ್ ಮೇ ಬಂತಂದ್ರೆ ಹಳೇ ಡೀಸೆಲ್ ಇಟ್ಕೊಂಡಿರೋರದ್ದೆಲ್ಲ ಇದೇ ಗೋಳು. ನಾನು ಹೇಳ್ತಿರೋದು ರೋಟರಿ ಪಂಪ್, ಅಂದ್ರೆ ನಾಝಲ್‌ಗಳಿಗೆ ಒತ್ತಡದಲ್ಲಿ ಡೀಸೆಲ್ ಕಳಿಸೋ ಹಳೇ ಥರದ ಪಂಪ್ ಇರೋ ಗಾಡಿಗಳ ಬಗ್ಗೆ, ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಬಿಡೋ ಹೊಸ ಕಾಮನ್ ರೈಲ್ ಗಾಡಿಗಳ ಕಥೆ ಬೇರೆ.

ನಮ್ಮ ಮಾವನ ಗಾಡಿಗೆ ಹೀಗಾದಾಗ ಒಬ್ರು ಬ್ಯಾಟರಿ ಅಂದ್ರು, ಒಬ್ರು ತಣ್ಣಗಿದ್ದಾಗ ಎಂಜಿನ್ ಒಳಗೆ ಕಾವು ಕೊಡೋ ಹೀಟರ್ ಪ್ಲಗ್ ಅಂದ್ರು, ಮತ್ತೊಬ್ರು ಎಂಜಿನ್ ಒಳಗೆ ಡೀಸೆಲ್ ಸಿಂಪಡಿಸೋ ನಾಝಲ್ ಅಂದ್ರು, ಪಾಪ ಮಾವ ಎಲ್ಲಾನೂ ಹಾಕಿಸಿದ್ರು. ಕೊನೆಗೆ ಸಿಂಧನೂರಲ್ಲಿ ವಯಸ್ಸಾದ ಪಂಪ್ ಮೇಸ್ತ್ರಿ ಒಬ್ರು ಬಾನೆಟ್ ಎತ್ತಿದವರೇ, "ಯಜಮಾನ್ರ, ಬ್ಯಾಟರಿಗೆ ಏನೂ ಆಗಿಲ್ರಿ, ಒಂದ್ ಹಸಿ ಬಟ್ಟಿ, ಒಂದ್ ಬಾಟ್ಲಿ ತಣ್ಣೀರ್ ಕೊಡ್ರಿ" ಅಂದ್ರು. ಬಟ್ಟೆನ ಪಂಪ್ ಮೇಲೆ ಹೊದಿಸಿ ನಿಧಾನಕ್ಕೆ ನೀರು ಬಿಡ್ತಾ ಹೋದ್ರು, ಸ್ವಲ್ಪ ಹೊತ್ತು ಬಿಟ್ಟು ಸೆಲ್ಫ್ ಹೊಡೆದ್ರೆ ಎಂಜಿನ್ ಎದ್ದೇ ಬಿಡ್ತು! ಅಷ್ಟು ಖರ್ಚು ಮಾಡಿಸಿದವರಲ್ಲಿ ಒಬ್ರಾದ್ರೂ ಈ ಐದು ನಿಮಿಷದ ಟೆಸ್ಟ್ ಮಾಡಿರ್ಲಿಲ್ಲ ಅನ್ನೋದು ನನಗೆ ಇವತ್ತಿಗೂ ಬೇಜಾರು.

ಆಗೋದೇನಂದ್ರೆ, ಪಂಪ್ ಒಳಗೆ ಹೆಡ್, ಮತ್ತೆ ಅದರೊಳಗೆ ತಿರುಗೋ ರೋಟರ್ ಅಂತ ಇರತ್ತೆ, ಅವೆರಡರ ನಡುವಿನ ಸಂದು ಬರೀ ಕೆಲವೇ ಮೈಕ್ರಾನ್. ಅಲ್ಲಿ ಬೇರೆ ಆಯಿಲ್ ಇಲ್ಲ, ಓಡೋ ಡೀಸೆಲ್ಲೇ ಅದಕ್ಕೆ ಆಯಿಲ್, ಅದೇ ಸೀಲ್ ಕೂಡ. ವರ್ಷಗಟ್ಟಲೆ ಓಡಿ ಸವೆದು ಸಂದು ಸ್ವಲ್ಪ ಜಾಸ್ತಿಯಾದ್ರೂ ತಣ್ಣಗಿದ್ದಾಗ ಡೀಸೆಲ್ ದಪ್ಪ ಇರತ್ತಲ್ಲ, ಹೇಗೋ ತಡ್ಕೊಳತ್ತೆ. ಬಿಸಿಯಾದಾಗ ಒಲೆ ಮೇಲೆ ಕಾದ ಎಣ್ಣೆ ಥರ ತೆಳ್ಳಗಾಗಿ ಆ ಸಂದಿಯಿಂದ ಸೋರಿ ಹೋಗತ್ತೆ. ಹಳೇ ಎಂಜಿನ್ನಲ್ಲೂ ನಾಝಲ್ ತೆರೆಯೋಕೆ ನೂರಕ್ಕೂ ಹೆಚ್ಚು ಬಾರ್ ಒತ್ತಡ ಬೇಕು, ಸೆಲ್ಫ್ ತಿರುಗಿಸೋದು ನಿಮಿಷಕ್ಕೆ ಸುಮಾರು 200 ಸುತ್ತು, ಆ ಸ್ಪೀಡಲ್ಲಿ ಸೋರೋಕೆ ಬೇಕಾದಷ್ಟು ಟೈಮ್ ಸಿಗೋದ್ರಿಂದ ಒತ್ತಡ ಏರೋದೇ ಇಲ್ಲ. ಅದಕ್ಕೇ ಅದೇ ಗಾಡಿನ ಇಳಿಜಾರಲ್ಲಿ ಬಿಟ್ಟು ಗೇರ್ ಹಾಕಿದ್ರೆ ಎದ್ದುಬಿಡತ್ತೆ, ಪಂಪ್ ಜೋರಾಗಿ ತಿರುಗತ್ತೆ, ಸೋರೋಕೆ ಟೈಮ್ ಇರಲ್ಲ. ಇನ್ನೊಂದು, ಆಫ್ ಮಾಡಿದ ತಕ್ಷಣಕ್ಕಿಂತ ಸುಮಾರು ಅರ್ಧ ಗಂಟೆ ಆದ್ಮೇಲೆ ಸಮಸ್ಯೆ ಜಾಸ್ತಿ, ಯಾಕಂದ್ರೆ ಫ್ಯಾನು, ನೀರಿನ ಓಡಾಟ ಎರಡೂ ನಿಂತು ಎಂಜಿನ್ ಕಾವೆಲ್ಲ ಪಂಪಿಗೆ ಏರಿರತ್ತೆ.

ಕೆಲವರು ವೇಪರ್ ಲಾಕ್, ಅಂದ್ರೆ ಬಿಸಿಗೆ ಇಂಧನ ಆವಿಯಾಗಿ ಪೈಪಲ್ಲಿ ಅಡ್ಡ ನಿಲ್ಲೋದು ಅಂತಾರೆ. ಅದು ಪೆಟ್ರೋಲ್ ಗಾಡಿ ಮಾತು, ಡೀಸೆಲ್ ಕುದಿಯೋಕೆ ಶುರುವಾಗೋದೇ 150 ಡಿಗ್ರಿ ದಾಟಿದ ಮೇಲೆ. ಆದ್ರೆ ಏರ್ ಎಳೆಯೋದು ನಿಜ, ಹಳೇ ರಬ್ಬರ್ ಪೈಪ್ ಬಿಸಿಗೆ ಮೆತ್ತಗಾಗಿ ಕ್ಲಿಪ್ ಹತ್ರ ಏರ್ ತಗೊಳತ್ತೆ. ಪಂಪಿಗೆ ಬರೋ ಕಡೆ ಪಾರದರ್ಶಕ ಪೈಪ್ ಹಾಕಿ ನೋಡಿದ್ರೆ ಗುಳ್ಳೆ ಕಾಣತ್ತೆ, ಕೈಯಲ್ಲಿ ಒತ್ತಿ ಡೀಸೆಲ್ ಎಳೆಯೋ ಹ್ಯಾಂಡ್ ಪ್ರೈಮರ್ ಒತ್ತಿದ್ಮೇಲೆ ಮಾತ್ರ ಸ್ಟಾರ್ಟ್ ಆಗತ್ತೆ ಅಂದ್ರೂ ಅನುಮಾನ ಅಲ್ಲೇ ಇರ್ಲಿ.

ಸೆಲ್ಫೇ ನಿಧಾನ ತಿರುಗ್ತಿದ್ರೆ ಪಂಪ್ ಮುಟ್ಟೋಕೆ ಹೋಗ್ಬೇಡಿ. ತಾಮ್ರ ಪ್ರತಿ 10 ಡಿಗ್ರಿ ಬಿಸಿಯಾದ್ರೆ ರೆಸಿಸ್ಟೆನ್ಸ್ ಸುಮಾರು ಶೇ. 4 ಏರತ್ತೆ, ಅದ್ರ ಜೊತೆ ಅರ್ತ್ ವೈರ್ ತುಕ್ಕು ಹಿಡಿದಿದ್ರೆ ಮುಗೀತು. ಸೆಲ್ಫ್ ಹೊಡೆಯುವಾಗ ಮೀಟರ್ ಇಟ್ಟು ಬ್ಯಾಟರಿ ನೆಗೆಟಿವ್‌ಗೂ ಎಂಜಿನ್ ಬ್ಲಾಕಿಗೂ ನಡುವೆ ಅಳೀರಿ, ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದ್ರೆ ಮೊದಲು ಅರ್ತ್ ಸರಿ ಮಾಡಿ. ಪಂಪಿಗೆ ಡೀಸೆಲ್ ಬಿಡೋ, ನಿಲ್ಲಿಸೋ ಕರೆಂಟ್ ವಾಲ್ವ್ ಆದ ಸ್ಟಾಪ್ ಸೊಲೆನಾಯ್ಡ್ ಕೀ ಆನ್ ಮಾಡಿದಾಗ ಟಕ್ ಅನ್ನತ್ತಾ ಅಂತ್ಲೂ ಬಿಸಿಯಿದ್ದಾಗಲೇ ಕೇಳಿಸ್ಕೊಳ್ಳಿ.

ನೀರಿನ ಟೆಸ್ಟ್ ಎಂಜಿನ್ ಆಫ್ ಇದ್ದಾಗ ಮಾತ್ರ, ದಯವಿಟ್ಟು. ಓಡ್ತಿರೋ ಬಿಸಿ ಪಂಪ್ ಮೇಲೆ ತಣ್ಣೀರು ಸುರಿದ್ರೆ ಹೊರಗಿನ ಹೆಡ್ ಮೊದಲು ಕುಗ್ಗಿ ರೋಟರ್ ಹಿಡ್ಕೊಂಡುಬಿಡಬಹುದು. ವೈರ್ ಮೇಲೂ ನೀರು ಬೀಳದ ಹಾಗೆ ನೋಡ್ಕೊಳ್ಳಿ.

ಒದ್ದೆ ಬಟ್ಟೆ ಟೆಸ್ಟಲ್ಲಿ ತಪ್ಪು ಪಂಪಿಂದೇ ಅಂತ ಗೊತ್ತಾದ್ರೆ ಹೆಡ್ ರೋಟರ್ ಹೊಸದು ಹಾಕಿ, ಪಂಪ್ ಅಂಗಡಿಯ ಟೆಸ್ಟ್ ಬೆಂಚ್ ಮೇಲೆ ಅಳತೆ ಸರಿಹೊಂದಿಸಿ ಕ್ಯಾಲಿಬ್ರೇಶನ್ ಮಾಡಿಸೋದೇ ದಾರಿ. ಡೀಸೆಲ್ಲಿಗೆ ಟೂ-ಸ್ಟ್ರೋಕ್ ಗಾಡಿಗೆ ಹಾಕೋ 2T ಆಯಿಲ್ ಬೆರೆಸಿದ್ರೆ ಕೆಲವು ದಿನ ಸುಧಾರಿಸಿದ ಹಾಗೆ ಕಾಣಬಹುದು, ಸವೆದಿರೋದು ವಾಪಸ್ ಬರಲ್ಲ. ಸೀಮೆಎಣ್ಣೆ ಬೆರೆಸಿದ ಡೀಸೆಲ್ ಅಂತೂ ಈ ಪಂಪಿಗೆ ವಿಷ, 2020ರ ಏಪ್ರಿಲಿಂದ ಬರ್ತಿರೋ ಬಿಎಸ್ 6 ಡೀಸೆಲ್ಲಲ್ಲಿ ಗಂಧಕ ಬರೀ 10 ಪಿಪಿಎಂ, ಅದನ್ನ ತೆಗೆಯುವಾಗ ಹೋಗೋ ಜಾರುಗುಣನ ಅಡಿಟಿವ್ ಹಾಕಿ ತುಂಬಿರ್ತಾರೆ, ಸೀಮೆಎಣ್ಣೆ ಸೇರಿದ್ರೆ ಅದೂ ಕೆಡತ್ತೆ.

ಪಂಪ್ ಬಿಚ್ಚೋ ಮುಂಚೆ ಅದು ಎಂಜಿನ್‌ಗೆ ಕೂರೋ ಅಂಚಿನ (ಫ್ಲ್ಯಾಂಜ್) ಮೇಲೆ ಟೈಮಿಂಗ್ ಗುರುತು ಗೀಚಿಸಿ ಫೋಟೋ ತಕ್ಕೊಳ್ಳಿ. ವಾಪಸ್ ಕೂರಿಸೋ ಮುಂಚೆ ಟ್ಯಾಂಕ್ ತೊಳೆಸಿ ಫಿಲ್ಟರ್ ಬದಲಾಯಿಸಿ, ಹಳೇ ಕಸನೇ ಹೊಸ ಹೆಡ್ಡಿಗೆ ಹೋದ್ರೆ ಕೊಟ್ಟ ದುಡ್ಡೆಲ್ಲ ದಂಡ. ಮಾವನ ಗಾಡಿಗೆ ಇಷ್ಟೂ ಮಾಡಿಸಿದ್ವಿ, ಈಗ ಬಿಸಿಲಲ್ಲಿ ಎಲ್ಲಿ ನಿಲ್ಲಿಸಿದ್ರೂ ಒಂದೇ ಸೆಲ್ಫಿಗೆ ಏಳತ್ತೆ.